ಗರಗಸ ನುಂಗಿದ್ದು

ಮೂವತ್ತೆಂಟು ಕೋಟಿ ವರ್ಷ ಹಳೆಯ ಮರವೊಂದಕ್ಕೆ ಧೂಳಪ್ಪನ ಹೆಸರಿಟ್ಟಿದ್ದರು. ಧೂಳಪ್ಪ ಅನ್ನುವ ಹೆಸರಲ್ಲ, ಅದು ವಿಭಾಗದವರು ತಮಾಷೆಗೆ ಕರೆಯುತ್ತಿದ್ದದ್ದು. ಅಪ್ಪ ಅಮ್ಮ ಇಟ್ಟ ನಿಜವಾದ ಹೆಸರು, ಕೊನೆಗೊಂದು ಲ್ಯಾಟಿನ್ ಬಾಲ ಬೆಳೆಸಿಕೊಂಡು, ದಪ್ಪ ದಪ್ಪ ಪುಸ್ತಕಗಳಲ್ಲಿ ಹೋಗಿ ಕೂತಿತ್ತು. ಸಸ್ಯಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಕಲ್ಲು ಕೊಯ್ದು, ಕಲ್ಲು ಕೆತ್ತಿ, ಕಲ್ಲು ಉಜ್ಜಿ, ತಲೆಯಿಂದ ಕಾಲಿನವರೆಗೆ ಬೂದು ಬಣ್ಣಕ್ಕೆ ತಿರುಗಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಮಾನ ಇನ್ನೇನು ಬೇಕು, ನೀವೇ ಹೇಳಿ. ದೊಡ್ಡ ದೊಡ್ಡವರ ಹೆಸರನ್ನು ರಸ್ತೆಗಿಡುತ್ತಾರೆ; ಸರ್ಕಾರ ಬದಲಾದರೆ ಬೋರ್ಡೂ ಬದಲಾಗುತ್ತದೆ. ಇವನದು ಹಾಗಲ್ಲ. ಮಗಳು ಸ್ಕೂಲ್ ಟೀಚರ್. ವರ್ಷಕ್ಕೊಮ್ಮೆ ತನ್ನ ಕ್ಲಾಸಿನ ಮಕ್ಕಳನ್ನು ಸಾಲಾಗಿ ಕರೆತಂದು, ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಇದು ನಮ್ಮಪ್ಪನ ಮರ ಅನ್ನುತ್ತಿದ್ದಳು. ಹೆಂಡತಿ ಮಾತ್ರ ರೇಗಿಸುತ್ತಿದ್ದಳು: ಹೆಸರೇನೋ ಸರಿ, ಅದರಿಂದ ಒಂದು ಹಿಡಿ ಸೌದೆಯೂ ಬರಲಿಲ್ಲ, ಅಂಗೈಯಗಲ ನೆರಳೂ ಸಿಗಲಿಲ್ಲ ಎಂದು.

ಆ ಮರ ಮೂವತ್ತೊಂದು ವರ್ಷದಿಂದ ಅವನ ಎದೆಯ ಮೇಲೆ ಬಿದ್ದುಕೊಂಡಿದೆ ಅನ್ನುವುದು ಮಗಳಿಗೂ ಗೊತ್ತಿರಲಿಲ್ಲ, ಹೆಂಡತಿಗೂ ಗೊತ್ತಿರಲಿಲ್ಲ.

ಮೊದಲು ಆ ಮರದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವನ ಸಂಕಟ ಅರ್ಥವಾಗುವುದಿಲ್ಲ. ಭೂಮಿಯ ಮೇಲೆ ಮರವೇ ಇಲ್ಲದ ಕಾಲವೊಂದಿತ್ತು. ಎಲ್ಲಿ ನೋಡಿದರೂ ಮೊಣಕಾಲು ಮುಟ್ಟುವ ಹಸಿರು ಕಡ್ಡಿಗಳು, ಅಷ್ಟೇ. ಆಮೇಲೆ ಯಾವುದೋ ಗಿಡಗಳಿಗೆ ಮೇಲೇಳುವ ಛಲ ಹಿಡಿಯಿತು. ಅವುಗಳ ಒಳಗೆ ಈಗಿನ ಮರಗಳಂತೆ ಒಂದೇ ಗಟ್ಟಿ ದಿಮ್ಮಿ ಇರಲಿಲ್ಲ. ನೀರು ಸಾಗಿಸುವ ಎಳೆಗಳು ಹಗ್ಗದ ಕಟ್ಟಿನ ಹಾಗೆ ಬೇರೆ ಬೇರೆಯಾಗಿ ನಿಂತು ಕಾಂಡವನ್ನು ಎತ್ತಿ ಹಿಡಿಯುತ್ತಿದ್ದವು. ಈ ಮೊದಮೊದಲ ಮರಗಳು ಕಲ್ಲಾಗಿ ನಮ್ಮ ಕೈಗೆ ಸಿಗುವುದು ಚೂರುಚೂರಾಗಿ: ಕಾಂಡ ಒಂದು ಕಡೆ, ಕೊಂಬೆ ಇನ್ನೊಂದು ಕಡೆ. ಪ್ರತಿ ಚೂರಿಗೂ ಒಂದೊಂದು ಹೆಸರು. ಒಂದೇ ಮನೆಯವರು ಮೂರು ಊರಲ್ಲಿ ಮೂರು ಹೆಸರು ಹೇಳಿಕೊಂಡು ಬದುಕಿದ ಹಾಗೆ. ಎರಡು ಚೂರು ಒಂದಕ್ಕೊಂದು ಕೂಡಿಕೊಂಡೇ ಕಲ್ಲಿನೊಳಗೆ ಸಿಕ್ಕಿದರೆ ಮಾತ್ರ ಇವೆರಡೂ ಒಂದೇ ಮರ ಎಂದು ಬಾಯಿಬಿಟ್ಟು ಹೇಳಬಹುದು. ಅಂಥ ಕಲ್ಲು ಒಂದು ಜನ್ಮದಲ್ಲಿ ಒಂದು ಸಿಕ್ಕರೆ ಪುಣ್ಯ. ವಿಭಾಗದ ಪ್ರೊಫೆಸರ್ ಮೇಡಂಗೆ ಅದು ಸಿಕ್ಕಿತ್ತು. ತೊಡೆಯಷ್ಟು ದಪ್ಪದ ಕಾಂಡ, ಅದರ ಪಕ್ಕೆಯಿಂದ ಹೊರಟ ಮಣಿಕಟ್ಟಿನಷ್ಟು ದಪ್ಪದ ಕೊಂಬೆ. ಮರಗಳು ಕೊಂಬೆ ಉದುರಿಸುವುದನ್ನು ಬಿಟ್ಟು ಉಳಿಸಿಕೊಳ್ಳಲು ಕಲಿತದ್ದು ಇಲ್ಲಿಂದ ಎಂದು ಅವರು ಆ ಒಂದು ಕಲ್ಲಿನ ಬಲದ ಮೇಲೆ ಜೀವಮಾನವಿಡೀ ವಾದಿಸಿದರು.

ಧೂಳಪ್ಪ ಆಗ ಇಪ್ಪತ್ತೆರಡರ ಹುಡುಗ, ಕೆಲಸಕ್ಕೆ ಸೇರಿ ಮೂರು ತಿಂಗಳು. ವಿಭಾಗದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಕೆಲಸ ಮಾಡುವಾಗ ಕಲ್ಲು ಒಡೆದರೆ ತಪ್ಪಲ್ಲ, ಬರೆಯದಿದ್ದರೆ ತಪ್ಪು. ಎಲ್ಲಿ ಒಡೆಯಿತು, ಯಾವ ಅಂಟಿನಿಂದ ಸೇರಿಸಿದೆ, ಎಷ್ಟು ಚೂರು ಕಳೆಯಿತು ಎಂದು ಒಂದು ಕೆಂಪು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಇಡಬೇಕು. ಕೆಂಪು ಚೀಟಿ ಇಲ್ಲದ ಕಲ್ಲು ಅಂದರೆ ಗುಡ್ಡದಿಂದ ಬಂದ ಹಾಗೇ ಇದೆ ಅಂತ ಲೆಕ್ಕ. ಅದನ್ನು ಯಾರೂ ಮತ್ತೆ ಪ್ರಶ್ನಿಸುತ್ತಿರಲಿಲ್ಲ.

ಮೇಡಂ ಇನ್ನಷ್ಟು ಕಲ್ಲು ತರಲು ಕ್ವಾರಿಗೆ ಹೋಗಿದ್ದ ವಾರ ಅದು. ಇವನು ಸಣ್ಣ ಉಳಿ ಹಿಡಿದು ಕೊಂಬೆಯ ಬುಡದ ಸುತ್ತಲಿನ ಕಲ್ಲು ಬಿಡಿಸುತ್ತಿದ್ದ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವನ ಕಣ್ಣೆದುರಿಗೇ ಇತ್ತು: ಕಾಂಡದ ತೊಗಟೆ ಎಲ್ಲೂ ಕಡಿಯದೆ, ಗೆರೆ ಗೆರೆಯಾಗಿ, ಕೊಂಬೆಯ ಮೇಲಕ್ಕೆ ಹತ್ತಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಮೇಡಂ ಬಂದ ಕೂಡಲೇ ತೋರಿಸಬೇಕು ಎಂದು ಒಳಗೊಳಗೇ ಕುಣಿಯುತ್ತ ಇನ್ನೊಂದೇ ಒಂದು ಏಟು ಹಾಕಿದ. ಕೊಂಬೆ ಕಳಚಿ ಮೇಜಿನ ಮೇಲೆ ಬಿತ್ತು. ಕೂಡಿದ್ದ ಜಾಗ ಪುಡಿಪುಡಿಯಾಗಿ ಅವನ ಬೆರಳ ಸಂದಿಯಿಂದ ಉದುರಿತು.

ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಎರಡೂ ಕಡೆಯ ಮುರುಕನ್ನು ಅರದಿಂದ ಸಮ ಮಾಡಿದ, ಅದೇ ಕಲ್ಲಿನ ಪುಡಿಯನ್ನು ಅಂಟಿಗೆ ಕಲಸಿದ, ಕೊಂಬೆಯನ್ನು ಕೂರಿಸಿದ. ಯಾವ ಪಕ್ಕ ಮೇಲಿತ್ತು ಅನ್ನುವುದಕ್ಕೆ ಗುರುತೇ ಉಳಿದಿರಲಿಲ್ಲ. ನೆನಪಿನ ಮೇಲೆ, ಅಂದಾಜಿನ ಮೇಲೆ ಕೂರಿಸಿದ. ಕೆಂಪು ಚೀಟಿ ನಾಳೆ ಬರೆದರಾಯಿತು ಅಂದುಕೊಂಡ. ಮೇಡಂ ಒಂದು ದಿನ ಮೊದಲೇ ಬಂದರು. ಬೂಟಿನ ಕೆಸರನ್ನೂ ಒರೆಸದೆ ಒಳಗೆ ಬಂದವರು ಕಲ್ಲು ನೋಡಿ ಹಾಗೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಅವರು ಅಳುವುದನ್ನು ಇವನು ಕಂಡದ್ದು ಅದೊಂದೇ ಸಲ. ಆಗ ಹೇಳಲು ಬಾಯಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಆರು ತಿಂಗಳಾದ ಮೇಲೆ, ಅಷ್ಟು ಚೊಕ್ಕವಾಗಿ ಕಲ್ಲು ಬಿಡಿಸಿದ ಕೈಗೆ ಕೃತಜ್ಞತೆಯೆಂದು ಅವರು ಮರಕ್ಕೆ ಇವನದೇ ಹೆಸರಿಟ್ಟರು. ಇನ್ನು ಯಾವ ಬಾಯಲ್ಲಿ ಹೇಳುವುದು? ಹೇಡಿ ಅನ್ನಿ, ನಾನೂ ಬೇಡ ಅನ್ನುವುದಿಲ್ಲ. ಆದರೆ ಆ ಜಾಗದಲ್ಲಿ ನಿಂತು ನೋಡಿ.

ಈಗ ಮೇಡಂಗೆ ಎಪ್ಪತ್ತು ದಾಟಿತ್ತು. ಶ್ವಾಸಕೋಶ ಕೈಕೊಟ್ಟಿತ್ತು. ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು, ಗಾಲಿಯ ಮೇಲಿನ ಸಿಲಿಂಡರ್ ಎಳೆದುಕೊಂಡು, ಆದರೂ ವಾರಕ್ಕೆ ಮೂರು ದಿನ ವಿಭಾಗಕ್ಕೆ ಬರುತ್ತಿದ್ದರು. ಇನ್ನು ಕೆಲವೇ ತಿಂಗಳು ಎಂದು ವೈದ್ಯರು ಹೇಳಿದ್ದನ್ನು ಅವರು ಬಸ್ಸು ತಪ್ಪಿದ ಸುದ್ದಿಯಷ್ಟು ಸಲೀಸಾಗಿ ಎಲ್ಲರಿಗೂ ತಿಳಿಸಿದ್ದರು. ಅವರನ್ನು ಕೊರೆಯುತ್ತಿದ್ದದ್ದು ಬೇರೆ. ಬೇರೊಂದು ವಿಶ್ವವಿದ್ಯಾಲಯದ ಸಂಶೋಧಕನೊಬ್ಬ, ಮೇಡಂ ಅವನನ್ನು ಸಿಟ್ಟಿಲ್ಲದೆ ‘ಅನುಮಾನದ ಡಾಕ್ಟರು’ ಎಂದು ಕರೆಯುತ್ತಿದ್ದರು, ಒಂದು ಲೇಖನ ಬರೆದಿದ್ದ. ಕಾಂಡ ಒಂದು ಗಿಡದ್ದು, ಕೊಂಬೆ ಇನ್ನೊಂದರದ್ದು, ನೆರೆಯ ಕೆಸರಿನಲ್ಲಿ ಒಂದರ ಮೇಲೊಂದು ಬಿದ್ದು ಕಲ್ಲಾಗಿವೆ ಎಂದು. ಕೆಟ್ಟವನೇನಲ್ಲ, ಬರೆದದ್ದು ಮರ್ಯಾದೆಯಿಂದಲೇ. ಅಷ್ಟು ದಪ್ಪದ ಕಲ್ಲಿನೊಳಗೆ ಸ್ಕ್ಯಾನಿಂಗ್ ಕಿರಣ ಹಾಯಲಿಲ್ಲ. ಉಳಿದದ್ದು ಒಂದೇ ದಾರಿ. ಇರುವುದೊಂದೇ ಕಲ್ಲು ಎಂದು ಇಷ್ಟು ವರ್ಷ ಗರಗಸ ತಾಗಿಸದೆ ಕಾಪಾಡಿದವರು ಈಗ ಕೊಯ್ಯೋಣ ಅಂದರು.

“ನಾನು ಇರೋವಾಗ್ಲೇ ಒಳಗೆ ಏನಿದೆ ಅಂತ ನೋಡ್ಬಿಡೋಣ,” ಅಂದರು. “ಸರಿ ಇದ್ರೆ ನೆಮ್ಮದಿಯಾಗಿ ಹೋಗ್ತೀನಿ. ತಪ್ಪಾಗಿದ್ರೆ ನಾನೇ ತಿದ್ದಿ ಹೋಗ್ತೀನಿ.”

ಧೂಳಪ್ಪ ನೆಪ ಹುಡುಕಿದ. ಬ್ಲೇಡು ಸವೆದಿದೆ ಅಂದ, ಹೊಸದು ಬರಲಿ ಅಂದ, ಕಲ್ಲಿನಲ್ಲಿ ಬಿರುಕಿದೆ ಅಂದ. ಮೇಡಂ ನಕ್ಕು, ನಿನ್ನ ಹೆಸರು ಹೋಗುತ್ತೆ ಅಂತ ಭಯವೇನೋ ಎಂದು ಛೇಡಿಸಿದರು. ತಮಾಷೆಗೆ ಅಂದದ್ದು, ನೆಟ್ಟಗೆ ಹೋಗಿ ನಾಟಿತು.

ಅವರಿಗೆ ಬೇಕಾಗಿದ್ದದ್ದು ಉದ್ದಕ್ಕೆ ಕೊಯ್ಯುವುದು: ಕಾಂಡವನ್ನೂ ಕೊಂಬೆಯನ್ನೂ ಒಟ್ಟಿಗೆ ಸೀಳಿ, ಎಳೆಗಳು ಇಲ್ಲಿಂದ ಅಲ್ಲಿಗೆ ಹೇಗೆ ಹಾಯುತ್ತವೆ ಎಂದು ಒಂದೇ ನೋಟಕ್ಕೆ ಕಾಣುವ ಹಾಗೆ. ಹಾಗೆ ಸೀಳಿದರೆ ಅಂಟಿನ ಪಟ್ಟೆ ನಡುವೆ ಅಡ್ಡಡ್ಡ ಬಿದ್ದಿರುವುದು ಕುರುಡನಿಗೂ ಕಾಣುತ್ತಿತ್ತು. ಧೂಳಪ್ಪ ಒಂದು ದಿನವೆಲ್ಲ ಯೋಚಿಸಿ ಬಂದು, ಉದ್ದಕ್ಕೆ ಬೇಡ ಮೇಡಂ, ಕಲ್ಲು ಸಿಡಿದರೆ ಎಲ್ಲ ಹೋಯಿತು, ಕೂಡಿದ ಕಡೆ ಅಡ್ಡ ಕೊಯ್ದರೆ ಎರಡು ಮುಖ ಸಿಗುತ್ತವೆ, ಆ ಕಡೆ ಎಷ್ಟು ಎಳೆ ಈ ಕಡೆ ಎಷ್ಟು ಎಳೆ ಎಂದು ಎಣಿಸಬಹುದು ಅಂದ. ಗರಗಸದ ವಿಷಯದಲ್ಲಿ ಅವನ ಮಾತೇ ಕೊನೆ ಮಾತು. ಅವರು ಒಪ್ಪಿದರು. ಬಡಪಾಯಿ ಹೆಂಗಸು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹೊಸ ತೆಳು ಬ್ಲೇಡು ಬೀರುವಿನಲ್ಲೇ ಇತ್ತು. ಅವನು ಹಾಕಿದ್ದು ಹಳೆಯ ದಪ್ಪ ಬ್ಲೇಡು. ಅದು ಹೋದ ದಾರಿಯಲ್ಲಿ ಮೂರು ಮಿಲಿಮೀಟರ್ ಕಲ್ಲು ಹಿಟ್ಟಾಗಿ ನೀರಿನಲ್ಲಿ ಕರಗುತ್ತದೆ. ಅಂಟಿನ ಪಟ್ಟೆ ಅಷ್ಟೂ ಇರಲಿಲ್ಲ. ಅಂದರೆ ಬ್ಲೇಡನ್ನು ಸರಿಯಾಗಿ ಪಟ್ಟೆಯ ಮೇಲೇ ಇಟ್ಟರೆ, ಇಪ್ಪತ್ತೆರಡನೇ ವಯಸ್ಸಿನ ಆ ಒಂದು ಮಧ್ಯಾಹ್ನ ಗುರುತಿಲ್ಲದ ಹಾಗೆ ಮಾಯವಾಗುತ್ತದೆ. ಯಾವನೂ ಯಾವತ್ತೂ ಪತ್ತೆ ಹಚ್ಚಲಾರ.

ಬೆಳಿಗ್ಗೆ ಹತ್ತಕ್ಕೆ ಕಲ್ಲನ್ನು ಹಿಡಿಕೆಯಲ್ಲಿ ಬಿಗಿದ. ಭೂತಗನ್ನಡಿ ಹಿಡಿದು ಪಟ್ಟೆಯನ್ನು ಹುಡುಕಿದ. ತಾನೇ ಮೆತ್ತಿದ್ದು ತನಗೇ ಕಾಣದಷ್ಟು ಚೆನ್ನಾಗಿ ಮೆತ್ತಿದ್ದ. ಸಿಕ್ಕಿತು. ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಬ್ಲೇಡು ಹೊಂದಿಸಿ, ನೀರು ಬಿಟ್ಟು, ಗುಂಡಿ ಒತ್ತಿದ. ನಲವತ್ತು ನಿಮಿಷ ಗರಗಸ ಅರಚಿತು. ಬೂದು ನೀರು ಕೊಳವೆಯಲ್ಲಿ ಇಳಿದು ತೊಟ್ಟಿಯಲ್ಲಿ ತುಂಬಿತು. ಆಮೇಲೆ ಒರಟು ಪುಡಿ, ಮಧ್ಯಮ ಪುಡಿ, ನಯ ಪುಡಿ ಹಾಕಿ ಎರಡೂ ಮುಖ ಉಜ್ಜಿದ. ಎಲ್ಲೂ ಅಂಟಿನ ಒಂದು ಚುಕ್ಕೆ ಉಳಿದಿಲ್ಲ ಎಂದು ನೇರಳೆ ದೀಪ ಹಿಡಿದು ಖಾತ್ರಿ ಮಾಡಿಕೊಂಡ. ಸಂಜೆ ಹೊರಡುವ ಮೊದಲು ತೊಟ್ಟಿಯ ಕೆಸರನ್ನೆಲ್ಲ ತಾನೇ ಬಳಿದು ಚರಂಡಿಗೆ ಸುರಿದು ನೀರು ಹಾಕಿದ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ. ಏನ್ರೀ ಇವತ್ತು, ಮುಖಕ್ಕೆ ಕಳೆ ಬಂದಿದೆ ಎಂದು ಹೆಂಡತಿ ಕೇಳಿದಳು. ಒಂದು ಹಳೇ ಕೆಲಸ ಮುಗೀತು ಅಂದ.

ಮರುದಿನ ಸಿಪ್ಪೆ ತೆಗೆಯುವ ಕೆಲಸ. ಉಜ್ಜಿದ ಮುಖವನ್ನು ತೆಳು ಆಮ್ಲದಲ್ಲಿ ಅರೆನಿಮಿಷ ಅದ್ದಿದರೆ ಕಲ್ಲು ಒಂದಿಷ್ಟು ಕರಗಿ, ಗಿಡದ ಕೋಶಗಳ ಗೋಡೆ ಮಾತ್ರ ಎದ್ದು ನಿಲ್ಲುತ್ತದೆ. ಅಸಿಟೋನ್ ಸುರಿದು ಅದರ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಒಣಗಿದ ಮೇಲೆ ಸುಲಿದರೆ ಗೋಡೆಗಳೆಲ್ಲ ಹಾಳೆಗೆ ಹತ್ತಿಕೊಂಡು ಬರುತ್ತವೆ. ವಿಭಾಗದವರು ಅದಕ್ಕೆ ಸಿಪ್ಪೆ ಅನ್ನುತ್ತಿದ್ದರು. ಕಾಂಡದ ಕಡೆಯದೊಂದು, ಕೊಂಬೆಯ ಕಡೆಯದೊಂದು ಸಿಪ್ಪೆಯನ್ನು ಧೂಳಪ್ಪ ಮೇಡಂ ಮುಂದಿಟ್ಟ. ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

ಸಿಲಿಂಡರಿನ ಸುಯ್ಯೆನ್ನುವ ಸದ್ದೊಂದೇ ಕೇಳುತ್ತಿತ್ತು. ಒಂದು ಸಿಪ್ಪೆ ತೆಗೆದು ಇನ್ನೊಂದು ಇಟ್ಟರು, ಮತ್ತೆ ಮೊದಲನೆಯದು ಇಟ್ಟರು. ಕಾಗದದ ಮೇಲೆ ಎರಡು ಚಿತ್ರ ಬರೆದು ಇವನ ಕಡೆ ತಳ್ಳಿದರು. ಕಾಂಡದ ಕಡೆ ಹನ್ನೊಂದು ಎಳೆ, ಕುದುರೆ ಲಾಳದ ಆಕಾರದಲ್ಲಿ, ಲಾಳದ ಬಾಯಿ ಮೇಲಕ್ಕೆ. ಕೊಂಬೆಯ ಕಡೆಯೂ ಲಾಳವೇ, ಆದರೆ ಏಳೇ ಎಳೆ, ಬಾಯಿ ಪಕ್ಕಕ್ಕೆ.

“ಕೂಡಿಲ್ಲ ಕಣೋ,” ಅಂದರು. “ನಮ್ಮ ಅನುಮಾನದ ಡಾಕ್ಟರು ಹೇಳಿದ್ದೇ ಸರಿ. ಇವೆರಡೂ ಬೇರೆ ಬೇರೆ ಗಿಡ.”

ಧೂಳಪ್ಪ ಚಿತ್ರ ನೋಡಿದ. ನೋಡಿದ ಕೂಡಲೇ ತಿಳಿಯಿತು. ಲಾಳ ಪಕ್ಕಕ್ಕೆ ತಿರುಗಿದ್ದು ಗಿಡದಿಂದಲ್ಲ, ತನ್ನಿಂದ. ಅಂದು ಅಂದಾಜಿನ ಮೇಲೆ ಕೂರಿಸುವಾಗ ಕೊಂಬೆಯನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದ್ದ. ಹನ್ನೊಂದು ಎಳೆ ಏಳಾದದ್ದು ನಡುವಿನ ಜಾಗದಲ್ಲಿ. ಪುಡಿಯಾಗಿ ಉದುರಿದ್ದು, ಅರದಿಂದ ಉಜ್ಜಿದ್ದು, ಗರಗಸ ನುಂಗಿದ್ದು, ಎಲ್ಲ ಸೇರಿ ಒಂದು ಬೆರಳಗಲ. ಎಳೆಗಳು ಒಂದರೊಳಗೊಂದು ಸೇರಿಕೊಂಡ ಆ ಒಂದು ಬೆರಳಗಲ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ. ಮೇಡಂ ಹೇಳಿದ್ದು ಮೊದಲಿನಿಂದಲೂ ನಿಜ. ಅದನ್ನು ಕಣ್ಣಾರೆ ಕಂಡವನು ಇಡೀ ಪ್ರಪಂಚದಲ್ಲಿ ಇವನೊಬ್ಬ.

ಅವನಿಗೆ ಮೂವತ್ತೊಂದು ವರ್ಷ ಬಾರದ ಬಾಯಿ ಆಗ ಬಂತು. ನಿಂತಲ್ಲೇ ನಿಂತು ಎಲ್ಲ ಹೇಳಿದ. ಉಳಿ ಏಟು ಹೇಳಿದ, ಅರ ಹೇಳಿದ, ಅಂಟು ಹೇಳಿದ, ಬರೆಯದ ಚೀಟಿ ಹೇಳಿದ, ದಪ್ಪ ಬ್ಲೇಡನ್ನು ಬೇಕಂತಲೇ ಹಾಕಿದ್ದು ಹೇಳಿದ. ತೊಗಟೆ ಕಡಿಯದೆ ಕೊಂಬೆಗೆ ಹತ್ತಿದ್ದನ್ನು ಕೈಯಲ್ಲಿ ಗಾಳಿಯಲ್ಲೇ ಬರೆದು ತೋರಿಸಿದ. ಕೊಂಬೆಯ ಸಿಪ್ಪೆಯನ್ನು ಕಾಲು ಸುತ್ತು ತಿರುಗಿಸಿ ನೋಡಿ ಮೇಡಂ, ಲಾಳಕ್ಕೆ ಲಾಳ ಕೂರುತ್ತೆ ಎಂದು ಅಂಗಲಾಚಿದ.

ಮೇಡಂ ಒಂದು ಮಾತಿಗೂ ಅಡ್ಡ ಬರದೆ ಕೇಳಿದರು. ಅವನ ಮಾತಿಗೆ ಬೆಲೆ ಕೊಟ್ಟು ಸಿಪ್ಪೆ ತಿರುಗಿಸಿಯೂ ನೋಡಿದರು. ಎರಡು ಮುಖಗಳನ್ನೂ ತರಿಸಿ, ನೇರಳೆ ದೀಪದ ಕೆಳಗೆ ಹಿಡಿದು, ಅಂಚಿನಿಂದ ಅಂಚಿಗೆ ಹುಡುಕಿದರು. ಅಂಟು ಇರಲಿಲ್ಲ. ತೊಟ್ಟಿಯ ಕೆಸರು ಎಲ್ಲಿ ಎಂದು ಕೇಳಿದರು. ಚೆಲ್ಲಿದೆ ಅಂದ. ಕೆಂಪು ಚೀಟಿಯ ಪೆಟ್ಟಿಗೆ ತರಿಸಿ ಆ ವರ್ಷದ್ದನ್ನೆಲ್ಲ ತಿರುವಿದರು. ಅದರಲ್ಲಿ ಧೂಳಪ್ಪನ ಕೈಬರಹದ ಚೀಟಿಗಳು ಬೇಕಾದಷ್ಟಿದ್ದವು. ಬೇಳೆಕಾಳಿನಷ್ಟು ಚೂರು ಹಾರಿದ್ದನ್ನೂ ಬಿಡದೆ ಬರೆದಿದ್ದ.

ಆಮೇಲೆ ಅವರು ದೀಪ ಆರಿಸಿ ಅವನ ಕೈ ಹಿಡಿದುಕೊಂಡರು.

“ಇಷ್ಟು ಚಿಕ್ಕದನ್ನೆಲ್ಲ ಬರ್ದೋನು ಅಷ್ಟು ದೊಡ್ಡದನ್ನ ಬರೀದೆ ಬಿಡ್ತೀಯೇನೋ? ಸಾಯೋಳಿಗೆ ಸಮಾಧಾನ ಆಗ್ಲಿ ಅಂತ ನಿನ್ನ ತಲೆ ಮೇಲೆ ಹಾಕ್ಕೋತಿದ್ದೀಯ. ಗೊತ್ತಾಗುತ್ತೆ ನಂಗೆ.”

“ದೇವರಾಣೆಗೂ ನಿಜ ಮೇಡಂ.”

“ಮೊದ್ಲು ತಿರುಗಿಸ್ಕೋ ಅಂತೀಯ, ಆಮೇಲೆ ನಾಲ್ಕು ಎಳೆ ಸೇರಿಸ್ಕೋ ಅಂತೀಯ. ಹಾಗೆ ಮಾಡಿದ್ರೆ ಯಾವ ಕಾಂಡಕ್ಕೆ ಯಾವ ಕೊಂಬೆ ಬೇಕಾದ್ರೂ ಕೂರುತ್ತೆ. ನಾನು ಅದನ್ನ ಬರೆಯೋಕಾಗಲ್ಲ. ನೀನು ಹೇಳಿದ್ದು ಅಂತ ಬರೆದ್ರೆ ನನ್ನ ತಪ್ಪು ಮುಚ್ಚೋಕೆ ನಿನ್ನ ಬಲಿ ಕೊಟ್ಟೆ ಅಂತಾರೆ. ಇಷ್ಟು ವರ್ಷ ನಿನ್ನ ಕೈ ಒಂದ್ಸಲನೂ ತಪ್ಪಿಲ್ಲ. ತಪ್ಪಿದ್ದು ನನ್ನ ಕಣ್ಣು. ಬಿಡು.”

ಅವನು ಬಿಡಲಿಲ್ಲ. ಮರುದಿನ ಬಂದು ಮತ್ತೆ ಹೇಳಿದ, ಅದರ ಮರುದಿನ ಅವರ ಮನೆಗೇ ಹೋಗಿ ಹೇಳಿದ. ಮೂರನೇ ಸಲ ಅವರಿಗೆ ಸಿಟ್ಟು ಬಂತು. ನಿನ್ನಿಂದ ಕರುಣೆ ಪಡೆಯುವಷ್ಟು ಕೆಳಗೆ ನಾನಿನ್ನೂ ಇಳಿದಿಲ್ಲ, ಈ ಮಾತು ಇನ್ನು ನನ್ನ ಮುಂದೆ ಎತ್ತಬೇಡ ಎಂದು ಬಾಗಿಲ ಕಡೆ ಕೈ ತೋರಿಸಿದರು. ಆ ವಾರವೇ ಸಂಶೋಧನಾ ಪತ್ರಿಕೆಗೆ ಕಾಗದ ಬರೆದರು: ಕಾಂಡ ಮತ್ತು ಕೊಂಬೆ ಒಂದೇ ಮರದವು ಎಂದು ನಾನು ಮೂವತ್ತು ವರ್ಷ ಹೇಳಿದ್ದು ತಪ್ಪು, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಎರಡೇ ಸಾಲು. ಅದಾದ ಮೇಲೆ ವಿಭಾಗಕ್ಕೆ ಬರಲಿಲ್ಲ. ಬಂದು ಮಾಡುವುದೇನಿದೆ ಅಂದರಂತೆ. ಹದಿನೆಂಟು ದಿನಕ್ಕೆ ಹೋಗಿಬಿಟ್ಟರು.

ಸಂತಾಪ ಸಭೆಗೆ ಅನುಮಾನದ ಡಾಕ್ಟರು ದೂರದಿಂದ ಬಂದಿದ್ದ. ಅವನು ಮಾತಾಡಿದ್ದು ಮನಸ್ಸಿನಿಂದಲೇ, ಸುಳ್ಳು ಹೇಳಬಾರದು. ತನ್ನ ಜೀವಮಾನದ ಮಾತನ್ನು ಸಾವಿನ ಹೊಸ್ತಿಲಲ್ಲಿ ತಾನೇ ಅಳಿಸಿದ ದೊಡ್ಡ ಜೀವ ಅಂದ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಂದು ವಿಷಯ ಹೇಳಬೇಕು ಅಂದ. ಮೇಡಂ ತನಗೆ ಬರೆದ ಕೊನೆಯ ಕಾಗದದಲ್ಲಿ, ಅವರ ತಪ್ಪನ್ನು ತನ್ನ ತಪ್ಪೆಂದು ಹೊತ್ತುಕೊಳ್ಳಲು ಬಂದ ಒಬ್ಬ ಕೆಲಸಗಾರನ ಬಗ್ಗೆ ಬರೆದಿದ್ದರಂತೆ. ಅಂಥ ನಿಷ್ಠೆ ಈ ಕಾಲದಲ್ಲಿ ಎಲ್ಲಿದೆ? ಹೆಸರಿಡುವ ನಿಯಮದ ಪ್ರಕಾರ ಆ ಕೆಲಸಗಾರನ ಹೆಸರು ಕಾಂಡದ ಜೊತೆ ಉಳಿಯುತ್ತದೆ, ಹೋಗುವುದು ಮೇಡಂ ಹೇಳಿದ ಮರ ಮಾತ್ರ. ಆ ಹೆಸರು ಉಳಿಯುವುದು ನನಗೆ ಸಂತೋಷ ಅಂದ. ಜನ ತಿರುಗಿ ತಿರುಗಿ ಧೂಳಪ್ಪನನ್ನು ನೋಡಿದರು. ಯಾರೋ ಚಪ್ಪಾಳೆ ಶುರು ಮಾಡಿದರು, ಸಂತಾಪ ಸಭೆ ಅನ್ನುವುದನ್ನೂ ಮರೆತು ಎಲ್ಲರೂ ತಟ್ಟಿದರು.

ಧೂಳಪ್ಪ ಎದ್ದು ನಿಂತ. “ನಾನೇ ಒಡೆದಿದ್ದು,” ಅಂದ. “ಅವರು ಹೇಳಿದ್ದೇ ಸರಿ. ಕೂಡಿತ್ತು. ನಾನು ನೋಡಿದ್ದೀನಿ.”

ಮುಂದಿನ ಸಾಲಿನಲ್ಲಿ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಮಗಳು ಕೂತಿದ್ದಳು. ಅಪ್ಪನ ಬಗ್ಗೆ ಅವಳಿಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಅವಳು ಅವನ ತೋಳು ಹಿಡಿದು, ಸಾಕಪ್ಪ, ಎಲ್ಲರಿಗೂ ಅರ್ಥ ಆಗಿದೆ, ಕೂತ್ಕೋ ಎಂದು ಮೆಲ್ಲಗೆ ಕೂರಿಸಿದಳು.